ಮುರಿದ ಎಲುಬು, ಹಿಡಿದ ಟೊಂಕ: ಎಡೆದೊರೆ ನಾಡಿನ ಕೈವೈದ್ಯದ ಚರಿತ್ರೆ

ರಾಯಚೂರು ಸೀಮೆಯಲ್ಲಿ ಎಲುಬು ಮುರಿದವರು, ಕೀಲು ತಪ್ಪಿದವರು, ಟೊಂಕ ಹಿಡಿದವರು ತಲೆಮಾರುಗಳ ಕಾಲ ಮೊದಲು ಹೋಗುತ್ತಿದ್ದದ್ದು ಕೈಯಿಂದ ಮುಟ್ಟಿ ನೋಡುವವರ ಬಳಿಗೆ. ಔಷಧಿ ಕುಡಿಸುವ ವೈದ್ಯರು ಬೇರೆ, ಎಲುಬು ಕೂಡಿಸುವವರು ಬೇರೆ. ಈ ಎರಡನೆಯವರಿಗೆ ಓದುಬರಹ ಇರಲೇಬೇಕೆಂದೇನೂ ಇರಲಿಲ್ಲ, ಬೆರಳ ತುದಿಯ ಅರಿವು ಇರಬೇಕಿತ್ತು. ಇಂದು ಬೆನ್ನುನೋವಿಗೆ ಕೈರೊಪ್ರಾಕ್ಟರ್ ಎಂಬ ಹೊಸ ಹೆಸರಿನವರ ಬಳಿಗೆ ಹೋಗುವವರು ಹೆಚ್ಚುತ್ತಿದ್ದಾರೆ. ಹೆಸರು ಹೊಸದಾದರೂ ಕೈಯಿಂದ ಕೀಲು ಸರಿಪಡಿಸುವ ಕೆಲಸ ಈ ನಾಡಿಗೆ ಹೊಸದಲ್ಲ. ಹೊಸಬರು ಅಂಥ ವೈದ್ಯರ ಮುಂದೆ ಕುಳಿತಾಗ ಏನೇನು ನಡೆಯುತ್ತದೆ, ಏನೇನು ನಡೆಯಬೇಕು ಎಂಬುದು ತಿಳಿಯಬೇಕಾದರೆ ಹಳೆಯ ದಾರಿಯಿಂದಲೇ ಬರುವುದು ಒಳ್ಳೆಯದು.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಣ ಈ ನೆಲಕ್ಕೆ ಶಾಸನಗಳಲ್ಲಿ ಎಡೆದೊರೆ ಎಂಬ ಹೆಸರಿದೆ. ಇಲ್ಲಿನ ಚರಿತ್ರೆಯಲ್ಲಿ ಭಾರ ಎತ್ತುವ ಕೆಲಸ ಎದ್ದು ಕಾಣುತ್ತದೆ. ರಾಯಚೂರು ಕೋಟೆಯನ್ನು 1294ರಲ್ಲಿ ಗೋರೆ ಗಂಗಯ್ಯರೆಡ್ಡಿ ಕಟ್ಟಿಸಿದನೆಂದು ಕೋಟೆ ಗೋಡೆಯ ತೆಲುಗು ಶಾಸನ ಹೇಳುತ್ತದೆ. ಆ ಶಾಸನವಿರುವ ಕಲ್ಲು ಸುಮಾರು 41 ಅಡಿ ಉದ್ದದ ಒಂದೇ ಚಪ್ಪಡಿ. ಅದನ್ನು ಬಂಡಿಯ ಮೇಲೇರಿಸಿ, ಕೋಣಗಳ ಸಾಲು ಹೂಡಿ ಎಳೆದು ತಂದ ಬಗೆಯನ್ನು ಗೋಡೆಯಲ್ಲೇ ಗೀರಿ ಚಿತ್ರಿಸಿದ್ದಾರೆ. ಕೋಣಗಳನ್ನು ಹುರಿದುಂಬಿಸುವ ಆಳುಗಳೂ ಗಾಲಿಗೆ ಒತ್ತು ಕೊಡುವ ಆಳುಗಳೂ ಅದರಲ್ಲಿದ್ದಾರೆ. ಅವರಲ್ಲಿ ಎಷ್ಟು ಜನರ ಕಾಲು ಗಾಲಿಗೆ ಸಿಕ್ಕಿತೋ ಶಾಸನ ಹೇಳುವುದಿಲ್ಲ. ಆದರೆ ಅಂಥ ಕೆಲಸ ನಡೆದ ಕಡೆ ಎಲುಬು ಕೂಡಿಸುವವರು ಇಲ್ಲದೆ ಇರಲು ಸಾಧ್ಯವಿಲ್ಲ. 1520ರಲ್ಲಿ ಕೃಷ್ಣದೇವರಾಯ ಇದೇ ಕೋಟೆಗೆ ಮುತ್ತಿಗೆ ಹಾಕಿದಾಗ ಹಾರೆ, ಗುದ್ದಲಿ ಹಿಡಿದ ಆಳುಗಳು ಗೋಡೆಯ ಬುಡಕ್ಕೆ ನುಗ್ಗಿ ಕಲ್ಲು ಕೀಳುತ್ತಿದ್ದರು, ಕಿತ್ತ ಕಲ್ಲಿನ ಗಾತ್ರ ನೋಡಿ ಅವರಿಗೆ ಹಣ ಕೊಡಲಾಗುತ್ತಿತ್ತು ಎಂದು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ. ಮೇಲಿನಿಂದ ಕಲ್ಲು ಗುಂಡು ಬೀಳುತ್ತಿದ್ದರೂ ಆ ಹಣಕ್ಕಾಗಿ ಜನ ಮುಂದೊತ್ತುತ್ತಿದ್ದರು. ಕೂಲಿಯವನ ಮೈಗೆ ಬೀಳುವ ಪೆಟ್ಟು ಇಲ್ಲಿ ಅಂದಿನಿಂದಲೂ ಕೆಲಸದ ಭಾಗವೇ ಆಗಿತ್ತು.

ಶಾಸ್ತ್ರದ ಕಡೆ ನೋಡಿದರೆ, ಎಲುಬಿನ ಚಿಕಿತ್ಸೆಯ ಕ್ರಮವನ್ನು ಸುಶ್ರುತಸಂಹಿತೆ ಬಹಳ ವಿವರವಾಗಿ ಹೇಳುತ್ತದೆ. ಕೀಲು ತಪ್ಪುವುದರಲ್ಲಿ ಆರು ಬಗೆ, ಎಲುಬು ಮುರಿಯುವುದರಲ್ಲಿ ಹನ್ನೆರಡು ಬಗೆ. ಚಿಕಿತ್ಸೆಯಲ್ಲಿ ನಾಲ್ಕು ಹಂತ: ಎಳೆಯುವುದು, ಒತ್ತುವುದು, ತುದಿಗೆ ತುದಿ ಕೂಡಿಸುವುದು, ಕಟ್ಟುವುದು. ಅತ್ತಿ, ಅರಳಿ, ಮುತ್ತುಗ, ಮತ್ತಿ, ಆಲದ ತೊಗಟೆ ಅಥವಾ ಬಿದಿರಿನ ದಬ್ಬೆ ಇಟ್ಟು ಕಟ್ಟಬೇಕು. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಹಿತವಾದ ಕಾಲದಲ್ಲಿ ಐದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟು ಬದಲಿಸಬೇಕು. ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಎಲುಬು ನಡುವಯಸ್ಸಿನಲ್ಲಿ ಎರಡು, ಮುಪ್ಪಿನಲ್ಲಿ ಮೂರು ತಿಂಗಳು ತೆಗೆದುಕೊಳ್ಳುತ್ತದೆ. ಕಟ್ಟು ಸಡಿಲವಾದರೆ ಕೀಲು ನಿಲ್ಲುವುದಿಲ್ಲ, ತೀರ ಬಿಗಿಯಾದರೆ ಬಾವು, ನೋವು, ಕೀವು ಎಂಬ ಎಚ್ಚರಿಕೆಯೂ ಅಲ್ಲಿದೆ. ಈ ಕೊನೆಯ ಮಾತನ್ನು ಮರೆತಲ್ಲೆಲ್ಲ ಮುಂದೆ ಅನಾಹುತಗಳಾದವು.

ಕನ್ನಡದಲ್ಲಿಯೂ ವೈದ್ಯಗ್ರಂಥಗಳ ಪರಂಪರೆ ಹಳೆಯದು. ಚಾಲುಕ್ಯ ವಂಶದ ಕೀರ್ತಿವರ್ಮ 12ನೆಯ ಶತಮಾನದ ಆರಂಭದಲ್ಲಿ ದನಗಳ ಚಿಕಿತ್ಸೆಯ ಬಗ್ಗೆ ‘ಗೋವೈದ್ಯ’ ಬರೆದ. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದ. ಶರಣರ ನಡುವೆ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದ. ಆದರೆ ಹಳ್ಳಿಯ ಎಲುಬು ಕಟ್ಟುವವರು ಗ್ರಂಥ ಓದಿ ಕಲಿತವರಲ್ಲ. ಅಪ್ಪನ ಕೈ ನೋಡಿ ಮಗ ಕಲಿಯುತ್ತಿದ್ದ. ಎತ್ತಿನ ಕಾಲು ಉಳುಕಿದರೂ ಕುರಿಮರಿಯ ಕಾಲು ಮುರಿದರೂ ಕರೆಯುತ್ತಿದ್ದದ್ದು ಇವರನ್ನೇ. ಒಕ್ಕಲುತನವೇ ಬದುಕಾದ, ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ಎತ್ತಿನ ಕಾಲೂ ಒಡೆಯನ ಕಾಲೂ ಒಂದೇ ಬೆಲೆಯವು. ಬಾಯಿಲ್ಲದ ಪ್ರಾಣಿಯ ನೋವನ್ನು ಬೆರಳಿನಿಂದಲೇ ಪತ್ತೆ ಹಚ್ಚಿ ರೂಢಿಯಾದ ಕೈ ಮನುಷ್ಯರ ಮೈಯ ಮೇಲೂ ನುರಿತಿರುತ್ತಿತ್ತು.

ಎಲುಬು ಕಟ್ಟುವವರ ಜೊತೆಗೆ ಇನ್ನೂ ಮೂರು ಬಗೆಯ ಕೈಗಳು ಈ ಕೆಲಸದಲ್ಲಿ ತೊಡಗಿದ್ದವು. ಒಂದು, ಗರಡಿಯ ಉಸ್ತಾದರದು. ಕುಸ್ತಿಯಲ್ಲಿ ಭುಜ ಜಾರುವುದು, ಬೆರಳು ಸರಿಯುವುದು ದಿನನಿತ್ಯದ ಮಾತು. ತಾಲೀಮು ಕಲಿಸುವವನಿಗೆ ಅದನ್ನು ಕೂಡಿಸುವುದೂ ಬರಬೇಕಿತ್ತು. ನಿಜಾಮರ ರಾಜಧಾನಿ ಹೈದರಾಬಾದಿನಲ್ಲಿ ಪೈಲ್ವಾನರ ಎಲುಬು ದವಾಖಾನೆಗಳು ಇಂದಿಗೂ ನಡೆಯುತ್ತಿವೆ. ರಾಯಚೂರು ಆ ಸಂಸ್ಥಾನದ ಭಾಗವಾಗಿದ್ದ ಕಾಲದಲ್ಲಿ ಉರ್ದು ಮಾತಿನ ಜೊತೆ ಪೈಲ್ವಾನರ ಕೈಯ ಮೇಲಿನ ನಂಬಿಕೆಯೂ ಇಲ್ಲಿ ಬೇರೂರಿತು. ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ಮುನ್ನೂರುಕಾಪು ಸಮಾಜ ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಟನ್ನುಗಟ್ಟಲೆ ತೂಕದ ಕಲ್ಲು ಎಳೆಯುವ ಸ್ಪರ್ಧೆಯ ಜೊತೆಗೆ ಕುಸ್ತಿಯೂ ಇರುತ್ತದೆ. ಎರಡನೆಯದು, ಕ್ಷೌರಿಕರ ಕೈ. ಕ್ಷೌರ ಮುಗಿದ ಮೇಲೆ ತಲೆ ತಿಕ್ಕಿ, ಕುತ್ತಿಗೆ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ ನೆಟಿಗೆ ತೆಗೆಯುವುದು ಅವರ ರೂಢಿ. ಹಿತವೆನಿಸಿದರೂ ಇದು ಅಪಾಯವಿಲ್ಲದ್ದಲ್ಲ. ಕುತ್ತಿಗೆಯ ಎಲುಬಿನೊಳಗಿಂದ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಜೋರು ತಿರುವಿನಿಂದ ಹರಿದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಮೂರನೆಯದು ಕೈಯಲ್ಲ, ಕಾಲು. ಹೆರಿಗೆಯಲ್ಲಿ ಕಾಲು ಮುಂದಾಗಿ ಹುಟ್ಟಿದವರು ಟೊಂಕಕ್ಕೆ ಮೆಲ್ಲಗೆ ಒದ್ದರೆ ಚಳುಕು ಬಿಡುತ್ತದೆಂಬ ನಂಬಿಕೆ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಹಬ್ಬಿದೆ. ಹೊಸ ಚಳುಕು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದರಿಂದ ಇಂಥ ನಂಬಿಕೆಗಳು ಸುಳ್ಳಾಗುವ ಸಂದರ್ಭ ಕಡಿಮೆ.

ಹಳ್ಳಿಯ ಎಲುಬು ವೈದ್ಯರ ಮನೆಗೆ ಹೊಸದಾಗಿ ಹೋದವರಿಗೆ ಆಗುತ್ತಿದ್ದ ಅನುಭವಕ್ಕೆ ಒಂದು ಕ್ರಮವಿತ್ತು. ಕಟ್ಟೆಯ ಮೇಲೆ ಕೂರಿಸಿ, ಎಲ್ಲಿ ಬಿದ್ದಿರಿ, ಯಾವ ಮಗ್ಗುಲಾಗಿ ಬಿದ್ದಿರಿ ಎಂದು ಕೇಳುವುದು ಮೊದಲು. ಆಮೇಲೆ ನೋವಿಲ್ಲದ ಕಡೆಯಿಂದ ಮುಟ್ಟುತ್ತ ನೋವಿನ ಕಡೆಗೆ ಬರುವುದು. ಕರಕರ ಸದ್ದು ಬೆರಳಿಗೆ ತಾಗಿದರೆ ಮುರಿತ, ತಗ್ಗು ಸಿಕ್ಕರೆ ಕೀಲು ತಪ್ಪಿದ್ದು, ಬರೀ ಬಾವಾದರೆ ಉಳುಕು. ರೋಗಿಯ ಜೊತೆ ಬಂದವರಲ್ಲಿ ಗಟ್ಟಿಯಾದ ಇಬ್ಬರು ಮೈ ಹಿಡಿಯಬೇಕು. ವೈದ್ಯರು ಮಾತಾಡಿಸುತ್ತಲೇ ಒಮ್ಮೆಗೆ ಎಳೆದು ಕೂಡಿಸುತ್ತಿದ್ದರು. ಮಾತು ನೋವಿನ ಕಡೆಯಿಂದ ಮನಸ್ಸನ್ನು ತಪ್ಪಿಸುವ ಉಪಾಯ. ಬಳಿಕ ಎಣ್ಣೆ ನೀವಿ, ಸೊಪ್ಪಿನ ಲೇಪ ಹಚ್ಚಿ, ಕೋಳಿಮೊಟ್ಟೆಯ ಲೋಳೆ ಮತ್ತು ಉದ್ದಿನ ಹಿಟ್ಟಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಬಿದಿರಿನ ದಬ್ಬೆ ಇಟ್ಟು ಕಟ್ಟುತ್ತಿದ್ದರು. ಒಣಗಿದರೆ ಆ ಬಟ್ಟೆ ಗಟ್ಟಿಯಾಗಿ ನಿಲ್ಲುತ್ತದೆ. ಬಯಲುಸೀಮೆಯ ಬೇಲಿಗಳಲ್ಲಿ ಸಿಗುವ ನಾಲ್ಕು ಮೂಲೆಯ ದಂಟಿನ ಮಂಗರಬಳ್ಳಿಯನ್ನು ಅರೆದು ಹಚ್ಚುವುದೂ ತಿನ್ನಿಸುವುದೂ ಉಂಟು. ತೆಲುಗಿನವರು ನಲ್ಲೇರು ಎನ್ನುವ ಇದಕ್ಕೆ ಸಂಸ್ಕೃತದಲ್ಲಿ ಅಸ್ಥಿಶೃಂಖಲಾ ಎಂಬ ಹೆಸರಿದೆ. ಹುಳಿ, ಬದನೆಕಾಯಿ ಬಿಡಬೇಕೆಂಬ ಪಥ್ಯ ಹೇಳುತ್ತಿದ್ದರು. ಬೆಲೆ ಕಟ್ಟಿ ದುಡ್ಡು ಕೇಳುವುದು ಹಲವು ಮನೆತನಗಳಲ್ಲಿ ನಿಷಿದ್ಧ. ಎಲೆ ಅಡಿಕೆ, ಕಾಯಿ, ಮನಸ್ಸಿಗೆ ಬಂದಷ್ಟು ದಕ್ಷಿಣೆ. ಬಡವರಿಗೆ ಇದು ದೊಡ್ಡ ಆಸರೆಯಾಗಿತ್ತು ಎಂಬುದನ್ನು ಒಪ್ಪಲೇಬೇಕು.

ಇದೇ ನಾಡು ಕಾಯಿಲೆ ಮತ್ತು ಗುಣವನ್ನು ಭಕ್ತಿಯ ಕಣ್ಣಿನಿಂದಲೂ ಕಂಡಿದೆ. ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದ ಕೆಲವು ವರ್ಷಗಳನ್ನು, ಹೊಟ್ಟೆಯ ವ್ಯಾಧಿಯಿಂದ ನರಳುತ್ತಿದ್ದ ಮಾನ್ವಿ ಸೀಮೆಯ ಬ್ಯಾಗವಾಟದ ಜಗನ್ನಾಥದಾಸರಿಗೆ ಧಾರೆಯೆರೆದರೆಂಬ ಕಥೆ 18ನೆಯ ಶತಮಾನದ ದಾಸ ಪರಂಪರೆಯಲ್ಲಿ ಬಂದಿದೆ. ಕೈವೈದ್ಯರ ಕೈಗುಣವನ್ನು ಜನ ನಂಬುತ್ತಿದ್ದದ್ದಕ್ಕೂ ಈ ಕಥೆಗೂ ಒಳಗೊಳಗೆ ನಂಟಿದೆ: ಗುಣವಾಗುವುದೆಂದರೆ ಒಬ್ಬರ ಶಕ್ತಿ ಇನ್ನೊಬ್ಬರಿಗೆ ಹರಿಯುವುದು ಎಂಬ ಭಾವನೆ ಎರಡರಲ್ಲೂ ಇದೆ.

1871ರಲ್ಲಿ ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದವು. ರೈಲಿನಿಂದ ಹತ್ತಿಯ ವ್ಯಾಪಾರ ಬೆಳೆಯಿತು, ಅಂಡಿಗೆ ಹೊರುವ ಹಮಾಲರ ಸಂಖ್ಯೆ ಬೆಳೆಯಿತು, ಟೊಂಕನೋವೂ ಬೆಳೆಯಿತು. ಮದ್ರಾಸಿನ ಆ ಹಳಿ ತಿರುಪತಿಯ ಬಳಿಯ ಪುತ್ತೂರನ್ನೂ ಹಾದು ಹೋಗುತ್ತದೆ. ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ಅಲ್ಲಿನ ರಾಜು ಮನೆತನದವರು 19ನೆಯ ಶತಮಾನದ ಕೊನೆಯಿಂದ ಕಟ್ಟುತ್ತ ಬಂದ ‘ಪುತ್ತೂರು ಕಟ್ಟು’ ದಕ್ಷಿಣ ಭಾರತದಲ್ಲೆಲ್ಲ ಹೆಸರಾಯಿತು. ಕರ್ನಾಟಕದ ಊರೂರುಗಳಲ್ಲಿ ಆ ಹೆಸರಿನ ಫಲಕ ಹಾಕಿಕೊಂಡ ಅಂಗಡಿಗಳು ತಲೆಯೆತ್ತಿದವು. ಮೂಲ ಮನೆತನಕ್ಕೂ ಫಲಕಕ್ಕೂ ಎಲ್ಲ ಕಡೆ ಸಂಬಂಧವಿದೆಯೆಂದು ನಂಬುವಂತಿಲ್ಲ.

ರೈಲು ಕೂಡಿದ ಅದೇ 1871ರಲ್ಲಿ ಇಂಗ್ಲೆಂಡಿನಲ್ಲಿ ವಾರ್ಟನ್ ಹುಡ್ ಎಂಬ ವೈದ್ಯ, ಹಟನ್ ಎಂಬ ಎಲುಬು ಕೂಡಿಸುವವನಿಂದ ತಾನು ಕಲಿತದ್ದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಅಲ್ಲಿಯೂ ಎಲುಬು ಕೂಡಿಸುವುದು ಮನೆತನದ ಕಸುಬೇ. ತೊಡೆಯ ಎಲುಬು ಮುರಿದಾಗ ಇಂದಿಗೂ ಬಳಸುವ ಥಾಮಸ್ ಸ್ಪ್ಲಿಂಟನ್ನು ರೂಪಿಸಿದ ಹ್ಯೂ ಓವೆನ್ ಥಾಮಸ್ ಅಂಥ ಮನೆತನದಲ್ಲೇ ಹುಟ್ಟಿ ಡಾಕ್ಟರಾದವನು. ಹಳ್ಳಿಯ ಕೈಯ ಅರಿವನ್ನು ಆಸ್ಪತ್ರೆ ಒಳಗೆ ತೆಗೆದುಕೊಂಡರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ನಮ್ಮಲ್ಲಿ ಈ ಕೊಡುಕೊಳೆ ನಡೆಯಲಿಲ್ಲ, ಅದರ ನಷ್ಟವನ್ನು ರೋಗಿಗಳು ತೆತ್ತರು.

ಕೈರೊಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟಿನಲ್ಲಿ. 1895ರ ಸೆಪ್ಟೆಂಬರ್ 18ರಂದು ಡಿ. ಡಿ. ಪಾಮರ್ ಎಂಬಾತ ಹಾರ್ವಿ ಲಿಲ್ಲಾರ್ಡ್ ಎಂಬ ಕೆಲಸಗಾರನ ಬೆನ್ನೆಲುಬನ್ನು ಒತ್ತಿ ಸರಿಪಡಿಸಿದ್ದರಿಂದ ಅವನಿಗೆ ಕಿವಿ ಕೇಳಿಸಿತೆಂದು ಹೇಳಿಕೊಂಡ. 1897ರಲ್ಲಿ ಶಾಲೆ ತೆರೆದ. ಬೆನ್ನುಮೂಳೆಯ ಮಣಿಗಳು ಸರಿಯುವುದೇ ಬಹುತೇಕ ರೋಗಗಳ ಮೂಲ ಎಂಬುದು ಅವನ ವಾದ. ಈ ವಾದಕ್ಕೆ ವಿಜ್ಞಾನದ ಆಧಾರ ಸಿಕ್ಕಿಲ್ಲ. ಕಿವುಡು, ಸಕ್ಕರೆ ಕಾಯಿಲೆ, ಆಸ್ತಮಾ ಬೆನ್ನು ಒತ್ತಿಸಿಕೊಂಡರೆ ಹೋಗುವುದಿಲ್ಲ. ಟೊಂಕನೋವಿನ ಮಾತು ಬೇರೆ. ಅಮೆರಿಕದ ವೈದ್ಯರ ಸಂಘಗಳಲ್ಲೊಂದಾದ ಎಸಿಪಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ, ಟೊಂಕನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ವ್ಯಾಯಾಮ, ಮಾಲೀಸುಗಳ ಜೊತೆ ಬೆನ್ನುಮೂಳೆಯ ಕೈಚಿಕಿತ್ಸೆಯನ್ನೂ ಸೇರಿಸಿದೆ. ಪ್ರಯೋಜನ ಇದೆ, ಆದರೆ ಸಾಧಾರಣ, ವ್ಯಾಯಾಮಕ್ಕಿಂತ ಹೆಚ್ಚೇನಲ್ಲ.

ಪಾಮರನ ಘಟನೆಯಾಗಿ ಎರಡು ತಿಂಗಳೊಳಗೆ, 1895ರ ನವೆಂಬರ್ 8ರಂದು, ಜರ್ಮನಿಯಲ್ಲಿ ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದ. ಬೆರಳಿಗೆ ಸಿಗದ ಸೀಳು ಚಿತ್ರದಲ್ಲಿ ಕಾಣುವಂತಾಯಿತು. ಕೈವೈದ್ಯದ ಚರಿತ್ರೆಯನ್ನು ಎರಡಾಗಿ ಸೀಳುವ ಘಟನೆ ಇದೇ. 1881ರಲ್ಲಿಯೇ ಜರ್ಮನಿಯ ಫೋಕ್‌ಮನ್, ಬಿಗಿ ಕಟ್ಟಿನಿಂದ ರಕ್ತ ನಿಂತು ಕೈಯ ಮಾಂಸಖಂಡ ಸತ್ತು ಬೆರಳು ಮಡಚಿಕೊಳ್ಳುವುದನ್ನು ವಿವರಿಸಿದ್ದ. ಹಳ್ಳಿಯಲ್ಲಿ ಮೊಣಕೈ ಮುರಿದ ಮಕ್ಕಳಿಗೆ ಬಿಗಿಯಾಗಿ ಕಟ್ಟಿ, ಬೆರಳು ತಣ್ಣಗಾಗಿ ನೀಲಿಯಾದರೂ ಕಟ್ಟು ಬಿಚ್ಚದೆ, ಕೊನೆಗೆ ಕೈಯನ್ನೇ ತೆಗೆಯಬೇಕಾದ ಪ್ರಸಂಗಗಳನ್ನು ಎಲುಬು ತಜ್ಞರು ಮತ್ತೆ ಮತ್ತೆ ಬರೆದಿದ್ದಾರೆ. ಕಟ್ಟಿದ ಕೈಯ ಬೆರಳು ಜುಮುಗುಟ್ಟಿದರೆ, ಬಿಳಿಚಿದರೆ, ಬೆರಳು ನೀಡಿದಾಗ ನೋವು ತಡೆಯದಾದರೆ ಆ ಕ್ಷಣವೇ ಕಟ್ಟು ಬಿಚ್ಚಿ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲೆಂದು ಕಾಯುವ ಮಾತಲ್ಲ.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು, 1956ರಲ್ಲಿ ರಾಯಚೂರು ಕನ್ನಡ ರಾಜ್ಯಕ್ಕೆ ಬಂತು. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಮಾನ್ವಿಯ ನೆಲಕ್ಕೆ ನೀರು ಹರಿಯಿತು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದದ್ದು ಬಹಳ ತಡವಾಗಿ. ಜೋಳದ ಹೊಲ ಭತ್ತದ ಗದ್ದೆಯಾದಾಗ ನೋವಿನ ಬಗೆಯೂ ಬದಲಾಯಿತು. ದಿನವಿಡೀ ಕೆಸರಿನಲ್ಲಿ ಬಾಗಿ ಸಸಿ ಹಚ್ಚುವ ಹೆಣ್ಣುಮಕ್ಕಳ ಟೊಂಕನೋವು ಬಿದ್ದು ಪೆಟ್ಟಾದ ನೋವಿನಂತಲ್ಲ, ವರ್ಷವರ್ಷಕ್ಕೆ ಕೂಡುತ್ತ ಹೋಗುವಂಥದ್ದು. ಒಮ್ಮೆ ಎಳೆದು ಕೂಡಿಸುವ ವಿದ್ಯೆಗೆ ಇದು ಬಗ್ಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ಕೇಡು ನೆಲದಡಿಯಿಂದ ಬಂತು. 1970ರ ದಶಕದಿಂದ ಬರಗಾಲದ ಪರಿಹಾರವೆಂದು ದೇಶದ ಹಳ್ಳಿಗಳಲ್ಲೆಲ್ಲ ಬೋರ್‌ವೆಲ್, ಕೈಪಂಪುಗಳು ಬಂದವು. ರಾಯಚೂರು ಜಿಲ್ಲೆಯ ಗಟ್ಟಿ ಕಲ್ಲಿನ ಪದರದಿಂದ ಮೇಲೆ ಬಂದ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಮಿತಿ ಮೀರಿತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಚಿಕ್ಕಂದಿನಿಂದ ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದಲ್ಲಿ ಎಲುಬು ದಟ್ಟವಾಗಿ, ಕಟ್ಟುನಾರುಗಳಲ್ಲಿ ಸುಣ್ಣ ಕೂತು, ಕುತ್ತಿಗೆ ತಿರುಗದಂತೆ, ಬೆನ್ನು ಬಾಗಿದಂತೆಯೇ ಬಿಗಿಯುತ್ತದೆ. ದಕ್ಷಿಣ ಭಾರತದಲ್ಲಿ ಇದನ್ನು ಮೊದಲು ವಿವರವಾಗಿ ಗುರುತಿಸಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಇಂಥ ಬೆನ್ನನ್ನು ಉಳುಕೆಂದೋ ವಾತವೆಂದೋ ತಿಳಿದು ಜೋರಾಗಿ ತಿರುವಿದರೆ ಬೆನ್ನುಹುರಿಗೇ ಪೆಟ್ಟಾಗಬಹುದು. ಅಮೆರಿಕದ ಪಠ್ಯ ಓದಿ ಬಂದವರಿಗೆ ಹೊಳೆಯದ, ಇಲ್ಲಿ ಮಾತ್ರ ಕೇಳಲೇಬೇಕಾದ ಪ್ರಶ್ನೆ ಇದು: ಚಿಕ್ಕಂದಿನಿಂದ ಕುಡಿದದ್ದು ಹಳ್ಳದ ನೀರೋ, ಕಾಲುವೆಯದೋ, ಬೋರಿನದೋ? ಬೆನ್ನೆಲುಬಿನ ಕ್ಷಯವೂ ಹೀಗೆಯೇ; ರಾತ್ರಿ ಹೆಚ್ಚುವ ನೋವು, ಸಂಜೆಯ ಸಣ್ಣ ಜ್ವರ, ಮೈ ಇಳಿಯುವುದು ಕಂಡರೆ ಬೆನ್ನನ್ನು ಯಾರೂ ಒತ್ತಬಾರದು.

ರಾಯಚೂರು ನಗರದಲ್ಲಿ ನವೋದಯ ವೈದ್ಯಕೀಯ ಕಾಲೇಜು, 2007ರಲ್ಲಿ ಆರಂಭವಾದ ಸರ್ಕಾರಿ ರಿಮ್ಸ್, ಒಪೆಕ್ ನೆರವಿನಿಂದ ಕಟ್ಟಿದ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಳು ಬಂದ ಮೇಲೆ ಎಲುಬು ತಜ್ಞರೂ ಫಿಜಿಯೋಥೆರಪಿಯವರೂ ಕೈಗೆಟುಕುವಂತಾದರು. ಆದರೆ ಏಮ್ಸ್ ಬೇಕೆಂದು 2022ರ ಮೇ 13ರಿಂದ ಇಲ್ಲಿ ಧರಣಿ ಕೂತವರು ಸಾವಿರಕ್ಕೂ ಹೆಚ್ಚು ದಿನ ಕೂತಿದ್ದನ್ನು ನೋಡಿದರೆ ಜಿಲ್ಲೆಯ ಕೊರತೆ ತುಂಬಿಲ್ಲವೆಂಬುದು ಸ್ಪಷ್ಟ. ದೇವದುರ್ಗ, ಮಾನ್ವಿಯ ಒಳಹಳ್ಳಿಯಿಂದ ನಗರಕ್ಕೆ ಬಂದು ಹೋಗಲು ಒಂದು ದಿನದ ಕೂಲಿ ಹೋಗುತ್ತದೆ. ಹಳ್ಳಿಯ ಕೈವೈದ್ಯ ಇನ್ನೂ ಉಳಿದಿರುವುದಕ್ಕೆ ನಂಬಿಕೆಯಷ್ಟೇ ಈ ಲೆಕ್ಕವೂ ಕಾರಣ.

ಭಾರತದಲ್ಲಿ ಕೈರೊಪ್ರಾಕ್ಟಿಕ್‌ಗೆ ಪ್ರತ್ಯೇಕ ಶಾಸನಬದ್ಧ ಪರಿಷತ್ತಿಲ್ಲ. ಅಮೆರಿಕದಲ್ಲಿ 1913ರಲ್ಲಿ ಕಾನ್ಸಾಸ್ ರಾಜ್ಯದಿಂದ ಆರಂಭವಾದ ಪರವಾನಗಿ ಕಾನೂನು 1974ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿತು, ಇಲ್ಲಿ ಅಂಥದ್ದಿಲ್ಲ. ಫಿಜಿಯೋಥೆರಪಿಗೆ ಮಾತ್ರ 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆಯ ನೆಲೆ ಸಿಕ್ಕಿದೆ. ಹಾಗಾಗಿ ಬೆಂಗಳೂರು, ಹೈದರಾಬಾದಿನ ಕ್ಲಿನಿಕ್ಕುಗಳಿಗೆ ಮೊಬೈಲಿನಲ್ಲಿ ವಿಡಿಯೋ ನೋಡಿ ಹೋಗುವವರು ಮೊದಲು ಕೇಳಬೇಕಾದದ್ದು, ಕೈ ಹಾಕುವವರು ಎಲ್ಲಿ, ಎಷ್ಟು ವರ್ಷ ಓದಿದ್ದಾರೆ ಎಂಬುದನ್ನು. ಪಾರಂಪರಿಕ ವೈದ್ಯರ ಕೈಯ ಅರಿವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ, ಭಾರತೀಯ ಗುಣಮಟ್ಟ ಪರಿಷತ್ತಿನ ಐಚ್ಛಿಕ ಯೋಜನೆಯಲ್ಲಿ ಎಲುಬು ಕಟ್ಟುವುದೂ ಒಂದು ವಿಭಾಗವಾಗಿದೆ.

ಸರಿಯಾಗಿ ಕಲಿತವರಲ್ಲಿ ಮೊದಲ ಭೇಟಿಯ ಹೆಚ್ಚಿನ ಹೊತ್ತು ಮಾತಿಗೇ ಹೋಗುತ್ತದೆ. ನೋವು ಯಾವಾಗ ಆರಂಭವಾಯಿತು, ಕಾಲಿಗೆ ಇಳಿಯುತ್ತದೆಯೇ, ಹಿಂದೆ ಬಿದ್ದದ್ದುಂಟೇ, ಯಾವ ಮಾತ್ರೆ ನಡೆದಿದೆ, ಮೈ ತೂಕ ಇಳಿದಿದೆಯೇ ಎಂದು ಕೇಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ, ಎಲುಬು ಸವೆತ, ಕ್ಯಾನ್ಸರ್, ಬಸಿರು ಇದ್ದರೆ ಮರೆಮಾಚದೆ ಹೇಳಬೇಕು. ಬಳಿಕ ನಿಲ್ಲಿಸಿ, ನಡೆಸಿ, ಬಾಗಿಸಿ ನೋಡುತ್ತಾರೆ, ಮಲಗಿಸಿ ಕಾಲೆತ್ತಿಸುತ್ತಾರೆ, ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನರ ಪರೀಕ್ಷಿಸುತ್ತಾರೆ. ಎಲ್ಲರಿಗೂ ಎಕ್ಸ್-ರೇ ಬೇಕಿಲ್ಲ. ಪೆಟ್ಟು, ಜ್ವರ, ಇಳಿವಯಸ್ಸು ಅಥವಾ ನರದೌರ್ಬಲ್ಯ ಕಂಡರೆ ಬೇಕು, ಬೋರ್ ನೀರಿನ ಹಳ್ಳಿಯವರಿಗೆ ಬೆನ್ನು ಬಿಗಿದಿದ್ದರೂ ಬೇಕು. ಏನು ಮಾಡುತ್ತೇವೆ, ಏನು ಅಪಾಯ ಎಂಬುದನ್ನು ಹೇಳಿ ಒಪ್ಪಿಗೆ ಪಡೆದ ಮೇಲೆಯೇ ಮೇಜಿನ ಮೇಲೆ ಮಲಗಿಸಬೇಕು. ಕೀಲನ್ನು ಚುರುಕಾಗಿ, ಕಡಿಮೆ ಅಂತರಕ್ಕೆ ಒತ್ತಿದಾಗ ಲಟಕ್ ಎನ್ನುವ ಸದ್ದು ಬರುತ್ತದೆ. ಎಲುಬು ಸ್ವಸ್ಥಾನಕ್ಕೆ ಕೂತ ಸದ್ದಲ್ಲ ಅದು. ಕೀಲಿನ ದ್ರವದಲ್ಲಿ ಒತ್ತಡ ಇಳಿದು ಅನಿಲದ ಪೊಳ್ಳು ಉಂಟಾಗುವ ಸದ್ದು. ಸದ್ದು ಬರದಿದ್ದರೆ ಚಿಕಿತ್ಸೆ ಆಗಿಲ್ಲವೆಂದು ತಿಳಿಯಬೇಕಿಲ್ಲ. ಕುತ್ತಿಗೆ ತಿರುವುವುದು ಬೇಡವೆನಿಸಿದರೆ ಬೇಡವೆನ್ನುವ ಹಕ್ಕು ರೋಗಿಗಿದೆ.

ಮನೆಗೆ ಬಂದ ಮೇಲೆ ಒಂದೆರಡು ದಿನ ಮೈಕೈ ನೋವು ಸಾಮಾನ್ಯ. ಎರಡೂ ಕಾಲಿನ ಶಕ್ತಿ ಕುಗ್ಗಿದರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಕುತ್ತಿಗೆಯ ಚಿಕಿತ್ಸೆಯ ನಂತರ ತಲೆಸುತ್ತು, ಮಾತಿನ ತೊದಲು, ಕಣ್ಣು ಮಂಜಾಗುವುದು ಕಂಡರೆ ಅದು ತುರ್ತು. ಕೆಲವು ವಾರಗಳಲ್ಲಿ ನೋವು ಇಳಿಯದಿದ್ದರೆ ಅದೇ ಒತ್ತುವಿಕೆಯನ್ನು ತಿಂಗಳುಗಟ್ಟಲೆ ಮುಂದುವರಿಸುವುದಕ್ಕೂ, ಮೊದಲೇ ಹತ್ತಾರು ಭೇಟಿಯ ಹಣ ಕಟ್ಟಿಸಿಕೊಳ್ಳುವುದಕ್ಕೂ ಆಧಾರವಿಲ್ಲ. ಆಗ ಎಲುಬು ತಜ್ಞರಿಗೆ ತೋರಿಸಿ, ನೋವಿನ ಮೂಲವನ್ನು ಹೊಸದಾಗಿ ಹುಡುಕಿಸಬೇಕು.